ಮಳೆಗಾಲಕ್ಕೊಂದು ಕೊಟ್ಟೆ ಚಾಪೆ: ಹಳೇ ಪ್ಲಾಸ್ಟಿಕ್ ಕವರಿನಿಂದ ಕಾಲೊರಸು ಮಾಡುವ ಬಗೆ

ಅಡುಗೆಮನೆ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ ಒಂದು ದೊಡ್ಡ ಕವರ್. ಅದರ ಹೊಟ್ಟೆಯೊಳಗೆ ನೂರಾರು ಸಣ್ಣ ಕವರ್. ನಿಮ್ಮ ಮನೆಯಲ್ಲೂ ಇದೆ, ಅಲ್ವಾ? ಮಲೆನಾಡಿನ ಸಾಗರದ ಕಡೆಯವರಾದರೆ ಈ ಕವರಿಗೇ ಕೊಟ್ಟೆ ಅಂತೀರಿ. ಎಸೆಯಲು ಮನಸ್ಸು ಬರುವುದಿಲ್ಲ, ಇಟ್ಟುಕೊಂಡರೆ ಜಾಗ ಸಾಲುವುದಿಲ್ಲ. ಇದರಿಂದ ಏನು ಮಾಡಬಹುದು, ಎಷ್ಟು ಕವರ್ ಬೇಕು, ಮಷಿನ್ ಬೇಕಾ, ನೀರಿಗೆ ಹಾಳಾಗುತ್ತದಾ ಎಂದು ಓದುಗರು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಪ್ಲಾಸ್ಟಿಕ್ ಹೂವು, ತೋರಣ, ಹಾರ ಇಲ್ಲಿ ಸಿಗುವುದಿಲ್ಲ. ಮಾಡಿದ ವಾರ ಚೆಂದ. ಆಮೇಲೆ ಧೂಳು, ಜೇಡರ ಬಲೆ. ಕೊನೆಗೆ ಅದೇ ಕಸ, ಅದೇ ಬುಟ್ಟಿಗೆ.

ಕವರಿನ ದೊಡ್ಡ ದೋಷ ಅಂದರೆ ಅದು ಕೊಳೆಯುವುದಿಲ್ಲ. ನಮ್ಮ ಮಳೆಗಾಲದಲ್ಲಿ ಕೊಳೆಯದ ಸಾಮಾನು ಎಲ್ಲಿ ಬೇಕು ಅಂತ ನೋಡಿ. ಜೂನ್‌ನಲ್ಲಿ ಹೊಸ್ತಿಲ ಬಳಿ ಹಾಕಿದ ಹತ್ತಿ ಬಟ್ಟೆಯ ಕಾಲೊರಸು ಆಗಸ್ಟ್ ಮುಗಿದರೂ ಪೂರ್ತಿ ಒಣಗುವುದಿಲ್ಲ. ಮುಗ್ಗಲು ವಾಸನೆ, ಎತ್ತಿ ನೋಡಿದರೆ ಅಡಿಯಲ್ಲಿ ಬೂಷ್ಟು. ಕವರಿನದಾದರೆ ಎರಡು ತಂಬಿಗೆ ನೀರು ಹುಯ್ದು, ಕೊಡವಿ, ಜಗುಲಿಯ ಕಟ್ಟೆಗೆ ಹಾಕಿದರೆ ಮುಗಿಯಿತು. ಕೆಮ್ಮಣ್ಣೂ ಹೋಗುತ್ತದೆ, ಕಾಲಿಗೆ ಅಂಟಿಕೊಂಡು ಬಂದ ಇಂಬಳವೂ (ಜಿಗಣೆ) ಹೋಗುತ್ತದೆ. ಅದಕ್ಕೇ ಹೇಳುವುದು, ನೆನೆಯುವ ಜಾಗಕ್ಕೆ ಬೇಕಾದದ್ದನ್ನೇ ಮಾಡಿ. ಹೊಸ್ತಿಲು, ಬಚ್ಚಲ ಬಾಗಿಲು, ಹಿತ್ತಿಲ ಮೆಟ್ಟಿಲು, ಸಂತೆಗೆ ಒಯ್ಯುವ ಚೀಲ.

ಕವರನ್ನು ಕತ್ತರಿಸಿ ದಾರ ಮಾಡಿ, ದಾರವನ್ನು ಜಡೆ ಹೆಣೆದು, ಆ ಜಡೆಯನ್ನು ದುಂಡಗೆ ಸುತ್ತಿ ಹೊಲಿದರೆ ಚಾಪೆ. ಬೇಕಾದ ಸಾಮಾನು ಬಹಳ ಇಲ್ಲ. ಹರಿತವಾದ ಕತ್ತರಿ, ದಬ್ಬಣ, ಗಾಳಕ್ಕೆ ಹಾಕುವ ನೈಲಾನ್ ದಾರ, ಬಟ್ಟೆಗೆ ಹಾಕುವ ಕ್ಲಿಪ್ಪು, ಒಂದು ಹಳೇ ಸೈಕಲ್ ಟ್ಯೂಬು. ಮಷಿನ್ ಬೇಡ. ಮೊಂಡು ಕತ್ತರಿ ಇಟ್ಟುಕೊಂಡು ಮಾತ್ರ ಶುರು ಮಾಡಬೇಡಿ. ಅದು ಕವರನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ.

1. ಕವರ್ ಆರಿಸುವುದು

ಅರ್ಧ ಕೆಲಸ ಇಲ್ಲೇ ಇದೆ. ಎಲ್ಲ ಕವರೂ ಒಂದೇ ಪ್ಲಾಸ್ಟಿಕ್ ಅಲ್ಲ. ಕೈಯಲ್ಲಿ ಹಿಡಿದು ಹಿಸುಕಿ ನೋಡಿ. ಪರಪರ ಸದ್ದು ಮಾಡುವ ತೆಳು ಕವರ್ ಎಚ್‌ಡಿಪಿಇ, ಅಂದರೆ ಬಿಗಿಯಾದ ಪಾಲಿಥೀನ್. ಸದ್ದಿಲ್ಲದೆ ಮೆತ್ತಗಿದ್ದು, ಎಳೆದರೆ ಹಿಗ್ಗುವಂಥದ್ದು ಎಲ್‌ಡಿಪಿಇ, ಮೆದು ಪಾಲಿಥೀನ್. ಹಾಲಿನ ಪ್ಯಾಕೆಟ್ಟು, ಬ್ರೆಡ್ಡಿನ ಕವರು ಈ ಜಾತಿ. ತ್ರಿಕೋನದೊಳಗೆ ಅಂಕಿ ಮುದ್ರಿಸಿದ್ದರೆ 2 ಅಂದರೆ ಎಚ್‌ಡಿಪಿಇ, 4 ಅಂದರೆ ಎಲ್‌ಡಿಪಿಇ. ಎರಡೂ ನಮ್ಮ ಕೆಲಸಕ್ಕೆ ಆಗುತ್ತವೆ. ಆದರೆ ಒಂದೇ ಜಡೆಯಲ್ಲಿ ಎರಡನ್ನೂ ಬೆರೆಸಬೇಡಿ. ಒಂದು ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ, ಚಾಪೆ ಸೊಟ್ಟಗಾಗುತ್ತದೆ.

"ಈಗ ಕವರ್ ಬ್ಯಾನ್ ಆಗಿದೆಯಲ್ಲ, ಎಲ್ಲಿಂದ ತರೋದು?" ಎಂದು ಕೇಳುವವರೂ ಇದ್ದಾರೆ. ಹೌದು, ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ 2016ರಲ್ಲೇ ನಿಷೇಧ ಬಂತು. ದೇಶದ ನಿಯಮದಂತೆ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್‌ಗಿಂತ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾದ ಚೀಲ ಕೊಡುವಂತಿಲ್ಲ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆದರೆ ಬಾಗಿಲ ಹಿಂದಿನ ರಾಶಿ ನಿಯಮ ಓದಿಕೊಂಡು ಕರಗಿಹೋಗಿಲ್ಲ. ಅದರ ಜೊತೆಗೆ ಅಕ್ಕಿ, ಅವಲಕ್ಕಿ, ಬೇಳೆಯ ಪ್ಯಾಕೆಟ್ಟು, ಕೊರಿಯರಿನವರು ತರುವ ಕವರು ದಿನಾ ಮನೆಗೆ ಬರುತ್ತಲೇ ಇವೆ. ಚಾಪೆ ಮಾಡಲಿಕ್ಕೆಂದು ಹೊಸ ಕವರ್ ಕೊಂಡು ತರಬೇಡಿ. ಹಾಗೆ ಮಾಡುವವರೂ ಇದ್ದಾರೆ, ಅದಕ್ಕೇ ಹೇಳಿದೆ.

ಇವನ್ನು ಪಕ್ಕಕ್ಕೆ ತೆಗೆದಿಡಿ:

ಔಷಧಿ, ಗೊಬ್ಬರ, ಕಳೆನಾಶಕದ ಕವರು. ಎಷ್ಟು ತೊಳೆದರೂ ಬೇಡ.

ಅಡಿಕೆ ಗೊನೆಗೆ ಕಟ್ಟಿದ ಕೊಟ್ಟೆ. ಕೊಳೆ ರೋಗ ಬಾರದಿರಲಿ ಎಂದು ಕಟ್ಟಿದ ಆ ಪ್ಲಾಸ್ಟಿಕ್ ತಿಂಗಳುಗಟ್ಟಲೆ ಮಳೆ ಬಿಸಿಲು ತಿಂದಿರುತ್ತದೆ. ತೋಟಕ್ಕೆ ಅದೇ ರೋಗದ ಔಷಧಿ ಬೋರ್ಡೋ ದ್ರಾವಣ ಹೊಡೆದಿದ್ದರೆ ಅದರ ಮೈಲುತುತ್ತ ಮತ್ತು ಸುಣ್ಣವೂ ಮೆತ್ತಿರುತ್ತದೆ.

ಮೀನು, ಮಾಂಸ ತಂದ ಕವರು. ತೊಳೆದರೂ ವಾಸನೆ ಬಿಡುವುದಿಲ್ಲ, ಬೆಕ್ಕು ನಾಯಿ ಚಾಪೆಯನ್ನೇ ಎಳೆದುಕೊಂಡು ಹೋಗುತ್ತವೆ.

ಒಳಗೆ ಬೆಳ್ಳಿಯಂತೆ ಹೊಳೆಯುವ ಚಿಪ್ಸ್ ಪ್ಯಾಕೆಟ್ಟು. ಅದು ಹಲವು ಪದರದ್ದು, ಗಂಟು ನಿಲ್ಲುವುದಿಲ್ಲ.

ಕಾಂಪೋಸ್ಟೆಬಲ್ ಎಂದು ಬರೆದಿರುವ ಚೀಲ. ಅದನ್ನು ಮಾಡಿರುವುದೇ ಕೊಳೆಯಲಿ ಅಂತ. ನಿಮ್ಮ ಚಾಪೆ ಸ್ವಲ್ಪ ಸ್ವಲ್ಪವೇ ಪುಡಿಯಾಗುತ್ತದೆ.

ಇನ್ನೊಂದು, ಬಟ್ಟೆ ಅಂಗಡಿಯವರು ಕೊಡುವ, ಬಟ್ಟೆಯಂತೆಯೇ ಕಾಣುವ ಚೀಲ. ಬಹಳ ಜನ ಅದನ್ನು ಬಟ್ಟೆ ಅಂತಲೇ ತಿಳಿದಿದ್ದಾರೆ. ಅದೂ ಪ್ಲಾಸ್ಟಿಕ್ಕೇ, ಪಾಲಿಪ್ರೊಪಿಲೀನ್. ಹಳತಾದಾಗ ಮುಟ್ಟಿದರೆ ಹಿಟ್ಟಿನಂತೆ ಉದುರುತ್ತದೆ. ದಾರಕ್ಕೆ ಬೇಡ.

ಕೊನೆಯ ಪರೀಕ್ಷೆ. ಕವರನ್ನು ಮುದ್ದೆ ಮಾಡಿ ಬಿಡಿಸಿ. ಮಡಿಕೆಯಲ್ಲಿ ಬಿಳಿ ಗೆರೆ ಮೂಡಿ ಬಿರುಕು ಬಿಟ್ಟರೆ ಬಿಸಿಲಿಗೆ ಸತ್ತ ಪ್ಲಾಸ್ಟಿಕ್ ಅದು, ಬಿಟ್ಟುಬಿಡಿ.

2. ತೊಳೆದು ಒಣಗಿಸುವುದು

ತೊಳೆಯುವುದು ಸುಲಭ. ಬಕೆಟ್ಟಿಗೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಸ್ವಲ್ಪ. ಕವರನ್ನು ಒಳಮಗ್ಗುಲು ಹೊರಗೆ ಮಾಡಿ ಅದ್ದಿ ಉಜ್ಜಿ. ಎಣ್ಣೆ, ಬೆಲ್ಲದ ಜಿಡ್ಡು ಇದ್ದರೆ ಇನ್ನೊಮ್ಮೆ. ಹಾಲಿನ ಪ್ಯಾಕೆಟ್ಟನ್ನು ಮಾತ್ರ ಖಾಲಿಯಾದ ಕೂಡಲೇ ತೊಳೆಯಿರಿ. ಒಂದು ರಾತ್ರಿ ಬಿಟ್ಟರೆ ಆ ಹುಳಿ ವಾಸನೆ ಜನ್ಮಕ್ಕೂ ಹೋಗುವುದಿಲ್ಲ.

ಒಣಗಿಸುವುದೇ ನಮ್ಮೂರಿನ ಕಷ್ಟ. ಪ್ಲಾಸ್ಟಿಕ್ ನೀರು ಹೀರುವುದಿಲ್ಲ ನಿಜ, ಆದರೆ ಎರಡು ಪದರ ಒಂದಕ್ಕೊಂದು ಅಂಟಿಕೊಂಡು ನಡುವೆ ಹನಿ ನಿಲ್ಲುತ್ತದೆ. ಹಾಗೇ ಮಡಿಸಿಟ್ಟರೆ ಹದಿನೈದು ದಿನದಲ್ಲಿ ಕಪ್ಪು ಚುಕ್ಕೆ. ತಳದ ಹೊಲಿಗೆಯನ್ನು ಮೊದಲೇ ಕತ್ತರಿಸಿ ತೆಗೆದು, ಕವರನ್ನು ಕೊಳವೆಯಂತೆ ಮಾಡಿ ಹಗ್ಗಕ್ಕೆ ಕ್ಲಿಪ್ಪು ಹಾಕಿ. ಗಾಳಿ ಒಳಗೆ ಆಡಿದರೆ ಒಂದು ಗಂಟೆಯಲ್ಲಿ ಒಣಗುತ್ತದೆ. ಹೇಗೂ ತಳ ತೆಗೆಯಲೇಬೇಕು, ಆ ಕೆಲಸ ಮುಂಚೆಯೇ ಆಗಿಹೋಗುತ್ತದೆ.

ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕುವ ಅಭ್ಯಾಸ ಎಲ್ಲರಿಗೂ ಇದೆ. ಬಟ್ಟೆಗೆ ಸರಿ, ಇದಕ್ಕೆ ಬೇಡ. ಒಂದು ಕವರ್ ಜಾರಿ ಬೆಂಕಿಗೆ ಬಿದ್ದರೆ ಉರಿಯುವ ಪ್ಲಾಸ್ಟಿಕ್ ತೊಟ್ಟಿಕ್ಕುತ್ತದೆ, ಚರ್ಮಕ್ಕೆ ತಾಗಿದರೆ ಕಿತ್ತು ಬರುವುದಿಲ್ಲ. ಜಾಣತನ ಅಂದರೆ ಫೆಬ್ರುವರಿ, ಮಾರ್ಚ್‌ನಲ್ಲೇ ತೊಳೆದು ಒಣಗಿಸಿ ಎತ್ತಿಡುವುದು. ಹೆಣೆಯುವ ಕೆಲಸ ಮಳೆಗಾಲದ ಸಂಜೆಗೆ ಇರಲಿ, ಕರೆಂಟು ಹೋದಾಗ ಮಾಡಲಿಕ್ಕೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

3. ಕತ್ತರಿಸಿ ದಾರ ಮಾಡುವುದು

ಇದಕ್ಕೆ ಕೈಕೆಲಸದವರು ಪ್ಲಾರ್ನ್ ಅನ್ನುತ್ತಾರೆ, ಪ್ಲಾಸ್ಟಿಕ್ ನೂಲು ಎಂದು ಅರ್ಥ. ಮಾಡುವುದು ಹೀಗೆ.

ಕವರನ್ನು ನೆಲದ ಮೇಲೆ ಹರಡಿ ಸುಕ್ಕು ತೆಗೆಯಿರಿ. ಮೇಲಿನ ಹಿಡಿ ಕತ್ತರಿಸಿ. ಈಗ ಉಳಿದದ್ದು ಎರಡೂ ಕಡೆ ತೆರೆದ ಕೊಳವೆ. ಅದನ್ನು ಉದ್ದಕ್ಕೆ ಎರಡು ಸಲ ಮಡಿಸಿ, ಪಟ್ಟಿಯಂತೆ ಮಾಡಿಕೊಳ್ಳಿ. ಆಮೇಲೆ ಅಡ್ಡಕ್ಕೆ, ಎರಡು ಬೆರಳಗಲಕ್ಕೆ ಒಂದೊಂದರಂತೆ, ಅಂದರೆ ಸುಮಾರು 4 ಸೆಂಟಿಮೀಟರಿಗೆ ಕತ್ತರಿಸುತ್ತಾ ಹೋಗಿ. ಬಿಡಿಸಿದರೆ ಪ್ರತಿ ತುಂಡೂ ಒಂದು ಬಳೆ. ದಪ್ಪ ಕವರಾದರೆ 2 ಸೆಂಟಿಮೀಟರ್ ಸಾಕು.

ಹೊಸಬರು ತಪ್ಪುವುದು ಇಲ್ಲೇ. ಅಡ್ಡಕ್ಕೆ ಕತ್ತರಿಸುವ ಬದಲು ಉದ್ದಕ್ಕೆ ಕತ್ತರಿಸುತ್ತಾರೆ. ಆಗ ಬಳೆ ಸಿಗುವುದಿಲ್ಲ, ಬರೀ ಪಟ್ಟಿ ಸಿಗುತ್ತದೆ. ಪಟ್ಟಿಗೆ ಪಟ್ಟಿ ಗಂಟು ಹಾಕಿದರೆ ಚಾಪೆ ತುಂಬಾ ಗುಬುಟು, ಕಾಲಿಗೆ ಚುಚ್ಚುತ್ತದೆ.

ಬಳೆಗಳನ್ನು ಜೋಡಿಸಲು ಗಂಟು ಬೇಡ. ಚಿಕ್ಕವರಿದ್ದಾಗ ರಬ್ಬರ್ ಬ್ಯಾಂಡನ್ನು ಒಂದಕ್ಕೊಂದು ಸಿಕ್ಕಿಸಿ ಸರ ಮಾಡಿದ್ದೀರಲ್ಲ, ಅದೇ ವಿದ್ಯೆ. ಎರಡನೆಯ ಬಳೆಯ ಒಂದು ತುದಿಯನ್ನು ಮೊದಲ ಬಳೆಯ ಕಣ್ಣೊಳಗೆ ತೂರಿಸಿ. ಹಾಗೆ ತೂರಿ ಬಂದ ತುದಿಯ ಕಣ್ಣೊಳಗೆ ಎರಡನೆಯ ಬಳೆಯದೇ ಹಿಂದಿನ ತುದಿಯನ್ನು ಹಾಕಿ ಮೆಲ್ಲಗೆ ಎಳೆಯಿರಿ. ಜೋರಾಗಿ ಎಳೆದರೆ ಪ್ಲಾಸ್ಟಿಕ್ ಅಲ್ಲೇ ಹಿಗ್ಗಿ ತೆಳುವಾಗಿ, ಮುಂದೆ ಒಂದು ದಿನ ಅಲ್ಲೇ ಹರಿಯುತ್ತದೆ. ಎಳೆಯುವಾಗ ಬೆರಳಿನಿಂದ ಸಂದನ್ನು ಸವರಿ, ಅಕ್ಕಿಕಾಳಿನಷ್ಟು ಸಣ್ಣ ಗಂಟಾಗಿ ಕೂರುತ್ತದೆ.

ಲೆಕ್ಕ ಕೇಳುತ್ತೀರಿ, ಹೇಳುತ್ತೇನೆ. 30 ಸೆಂಟಿಮೀಟರ್ ಅಗಲ, ಹಿಡಿ ತಳ ಬಿಟ್ಟು 40 ಸೆಂಟಿಮೀಟರ್ ಉದ್ದದ ಕವರಿನಿಂದ 10 ಬಳೆ ಬರುತ್ತವೆ. ಜೋಡಿಸುವಾಗ ಸ್ವಲ್ಪ ಕಳೆದು, ಒಂದು ಕವರಿಗೆ ಎರಡೂವರೆ ಮೀಟರ್ ದಾರ ಎಂದಿಟ್ಟುಕೊಳ್ಳಿ.

ಕತ್ತರಿಸುವಾಗ ಕೆಳಗೆ ಹಳೇ ಸೀರೆ ಹಾಸಿಕೊಳ್ಳಿ. ಚೂರುಗಳು ಗಾಳಿಗೆ ಹಾರಿ ಅಂಗಳಕ್ಕೆ ಹೋದರೆ ದನದ ಬಾಯಿಗೆ ಸೇರುತ್ತವೆ.

4. ಜಡೆ ಹೆಣೆಯುವುದು

ಮೊದಲ ಸಲ ಮಾಡುವವರಿಗೆ ಜಡೆ ಚಾಪೆಯೇ ಸರಿ. ಜಡೆ ಹಾಕಲು ಬಂದರೆ ಇದೂ ಬಂದಂತೆ. ವ್ಯತ್ಯಾಸ ಇಷ್ಟೇ, ಮೂರು ಕಾಲಿನಲ್ಲಿ ಒಂದೊಂದು ಕಾಲಿಗೂ ಮೂರು ಎಳೆ, ಒಟ್ಟು ಒಂಬತ್ತು. ಒಂದೊಂದೇ ಎಳೆಯಲ್ಲಿ ಹೆಣೆದರೆ ಜಡೆ ಬಡಕಲಾಗಿ ಚಾಪೆಗೆ ಮೈ ಬರುವುದಿಲ್ಲ.

ಒಂಬತ್ತು ಎಳೆಗಳ ತುದಿಯನ್ನು ಸೇರಿಸಿ ಕಿಟಕಿಯ ಸರಳಿಗೆ ಕಟ್ಟಿ. ಶುರುವಿಗೆ ಒಂದೊಂದು ಎಳೆ ಒಂದೂವರೆ ಮೀಟರ್ ಇದ್ದರೆ ಸಾಕು. ದೊಡ್ಡ ದೊಡ್ಡ ಉಂಡೆ ಮಾಡಿಕೊಂಡು ಕೂತರೆ ಒಂಬತ್ತು ಉಂಡೆಯೂ ಸಿಕ್ಕಾಗಿ, ಅರ್ಧ ಸಂಜೆ ಬಿಡಿಸುವುದರಲ್ಲೇ ಹೋಗುತ್ತದೆ. ಎಳೆ ಮುಗಿಯುತ್ತಾ ಬಂದಾಗ ಅಲ್ಲೇ ಇನ್ನೊಂದು ಬಳೆ ಸಿಕ್ಕಿಸಿ ಮುಂದುವರಿಸಿ. ಒಂಬತ್ತೂ ಎಳೆ ಒಂದೇ ಕಡೆ ಮುಗಿಯದಂತೆ ಶುರುವಿನಲ್ಲೇ ಹೆಚ್ಚುಕಡಿಮೆ ಉದ್ದ ಇಟ್ಟುಕೊಳ್ಳಿ. ಇಲ್ಲದಿದ್ದರೆ ಆ ಜಾಗದಲ್ಲಿ ಗಂಟೆಲ್ಲ ಸೇರಿ ಹಾವು ಇಲಿ ನುಂಗಿದ ಹಾಗೆ ಕಾಣುತ್ತದೆ.

ಬಿಗಿ ಒಂದೇ ಸಮ ಇರಲಿ. ಜಡೆ ಹೆಬ್ಬೆರಳಿನಷ್ಟು, ಸುಮಾರು 2 ಸೆಂಟಿಮೀಟರ್ ಅಗಲ ಬರಬೇಕು.

40 ಸೆಂಟಿಮೀಟರ್ ಅಡ್ಡಳತೆಯ ದುಂಡು ಚಾಪೆಗೆ ಆರೂಕಾಲು ಮೀಟರಿನಷ್ಟು ಜಡೆ ಬೇಕು. ಹೆಣೆದಾಗ ಉದ್ದ ಮೂರರಲ್ಲೊಂದು ಪಾಲು ಕುಗ್ಗುವುದರಿಂದ ಪ್ರತಿ ಎಳೆಯೂ ಕೊನೆಗೆ ಒಟ್ಟು ಒಂಬತ್ತೂವರೆ ಮೀಟರಿನಷ್ಟಾಗಬೇಕು. ಒಂಬತ್ತು ಎಳೆಗೆ ಸುಮಾರು 85 ಮೀಟರ್. ಅಂದರೆ ಮೂವತ್ತನಾಲ್ಕು, ಮೂವತ್ತೈದು ಕವರ್. ದಿನಕ್ಕೆ ಒಂದು ಗಂಟೆ ಕೂತರೆ ವಾರ, ಹತ್ತು ದಿನದ ಕೆಲಸ.

ಬಣ್ಣದ ವಿಷಯ. ಪ್ಲಾಸ್ಟಿಕ್ಕಿಗೆ ಬಣ್ಣ ಬಳಿಯಲು ಹೋಗಬೇಡಿ, ಸಿಪ್ಪೆ ಏಳುತ್ತದೆ. ಕವರಿಗೆ ಇರುವ ಬಣ್ಣವನ್ನೇ ವಿಂಗಡಿಸಿ. ಸಾಗರ, ಸೊರಬ ಕಡೆ ದೀವರ ಮನೆಯ ಗೋಡೆಯ ಹಸೆ ಚಿತ್ತಾರ ನೋಡಿದ್ದೀರಲ್ಲ, ಕೆಂಪು, ಬಿಳಿ, ಕಪ್ಪು, ಒಂದಿಷ್ಟು ಹಳದಿ. ಅಷ್ಟರಲ್ಲೇ ಎಷ್ಟು ಲಕ್ಷಣ! ನಾಲ್ಕು ಬಣ್ಣಕ್ಕಿಂತ ಜಾಸ್ತಿ ಹೋದರೆ ಚಾಪೆ ಸಂತೆಯಾಗುತ್ತದೆ. ಒಂದು ಕಾಲು ಪೂರ್ತಿ ಕಪ್ಪು ಇರಲಿ, ಕೆಸರು ಕಾಣುವುದಿಲ್ಲ. ಕಪ್ಪು ಕವರಿನಲ್ಲಿರುವ ಇಂಗಾಲದ ಪುಡಿ ಬಿಸಿಲನ್ನೂ ತಡೆಯುತ್ತದೆ, ಹಾಗಾಗಿ ಅದು ಬೇರೆ ಬಣ್ಣಕ್ಕಿಂತ ಜಾಸ್ತಿ ದಿನ ಬಾಳುತ್ತದೆ.

5. ಸುತ್ತಿ ಹೊಲಿಯುವುದು

ಜಡೆಯ ಒಂದು ತುದಿಯನ್ನು ಚಕ್ಕುಲಿಯಂತೆ ಸುತ್ತಲು ಶುರು ಮಾಡಿ. ದಬ್ಬಣಕ್ಕೆ ನೈಲಾನ್ ದಾರ ಪೋಣಿಸಿ, ಒಳಸುತ್ತಿನ ಮಗ್ಗುಲಿನಿಂದ ಹೊರಸುತ್ತಿನ ಮಗ್ಗುಲಿಗೆ ಹಾಯಿಸಿ. ಮೇಲಿನಿಂದ ಕೆಳಕ್ಕೆ ಚುಚ್ಚಿದರೆ ದಾರ ಮೇಲೆ ಕಂಡು, ಕಾಲಿನ ಉಜ್ಜಿಗೆ ಬೇಗ ಸವೆಯುತ್ತದೆ. ಎರಡು ಸೆಂಟಿಮೀಟರಿಗೆ ಒಂದು ಹೊಲಿಗೆ. ಹತ್ತಿ ದಾರ ಬೇಡ, ಮಳೆಗಾಲ ಕಳೆಯುವುದರೊಳಗೆ ಅದು ಕೊಳೆತು ಚಾಪೆ ಬಿಚ್ಚಿಕೊಳ್ಳುತ್ತದೆ.

ತೊಡೆಯ ಮೇಲೆ ಇಟ್ಟುಕೊಂಡು ಹೊಲಿಯಬೇಡಿ. ಚಾಪೆ ನೆಲದ ಮೇಲೋ ಮೇಜಿನ ಮೇಲೋ ಮಟ್ಟಸವಾಗಿ ಇರಲೇಬೇಕು. ನನ್ನ ಮೊದಲ ಚಾಪೆ ತೊಡೆಯ ಮೇಲೆ ಹುಟ್ಟಿದ್ದು. ಅಂಚು ಎದ್ದು ಬುಟ್ಟಿಯಾಯಿತು, ಈಗ ಅದರಲ್ಲಿ ಬೆಕ್ಕು ಮಲಗುತ್ತದೆ. ಅಂಚು ಮೇಲೇಳುತ್ತಿದೆ ಅಂದರೆ ಜಡೆಯನ್ನು ಎಳೆದು ಬಿಗಿ ಮಾಡುತ್ತಿದ್ದೀರಿ ಎಂದರ್ಥ. ಹಪ್ಪಳದಂತೆ ಅಲೆಅಲೆಯಾದರೆ ಸಡಿಲ ಜಾಸ್ತಿಯಾಗಿದೆ. ಎರಡರಲ್ಲಿ ಯಾವುದಾದರೂ, ಕಂಡ ಕೂಡಲೇ ಎರಡು ಸುತ್ತು ಬಿಚ್ಚಿ. "ಮುಂದೆ ಸರಿಹೋಗುತ್ತದೆ" ಎಂದು ಹೊಲಿಯುತ್ತಾ ಹೋದರೆ ಸರಿಹೋಗುವುದಿಲ್ಲ.

ಕೊನೆಯ ಒಂದು ಗೇಣು ಜಡೆಯಲ್ಲಿ ಎಳೆ ಕಡಿಮೆ ಮಾಡುತ್ತಾ ಸಣ್ಣ ಮಾಡಿ, ಅಂಚಿನ ಅಡಿಗೆ ಮಡಚಿ ಹೊಲಿದುಬಿಡಿ.

6. ಜಾರದ ಹಾಗೆ ಮಾಡುವುದು

ಇದನ್ನು ಬಿಡಲೇಬೇಡಿ. ಪ್ಲಾಸ್ಟಿಕ್ ಚಾಪೆ ರೆಡ್ ಆಕ್ಸೈಡ್ ನೆಲದ ಮೇಲೆ, ಅದೂ ಒದ್ದೆಯಿದ್ದಾಗ, ಬಾಳೆಹಣ್ಣಿನ ಸಿಪ್ಪೆಯ ಅಣ್ಣ. ವಯಸ್ಸಾದವರಿರುವ ಮನೆಯಲ್ಲಿ ಸೊಂಟ ಮುರಿಯಲು ಅಷ್ಟು ಸಾಕು. ಸೈಕಲ್ ಟ್ಯೂಬನ್ನು ಸೀಳಿ, ನಾಲ್ಕು ಬೆರಳುದ್ದದ ಏಳೆಂಟು ತುಂಡು ಮಾಡಿ, ಚಾಪೆಯ ಅಡಿಗೆ ಸುತ್ತಲೂ ಮತ್ತು ನಡುವೆ ನೈಲಾನ್ ದಾರದಿಂದಲೇ ಹೊಲಿಯಿರಿ. ಅಂಟು ಹಾಕಬೇಡಿ, ಪಾಲಿಥೀನಿಗೆ ಮನೆಯ ಯಾವ ಗೋಂದೂ ಸರಿಯಾಗಿ ಹಿಡಿಯುವುದಿಲ್ಲ. ಹೊಲಿದ ಮೇಲೆ ಅದೇ ಒದ್ದೆ ನೆಲದಲ್ಲಿ ಹಾಕಿ ಕಾಲಿನಿಂದ ತಳ್ಳಿ ನೋಡಿ. ಜರುಗಿದರೆ ಇನ್ನೆರಡು ತುಂಡು ಸೇರಿಸಿ.

ಕ್ರೋಶಾ ಬರುವವರಿಗೆ

ಇದೇ ದಾರವನ್ನು ಕ್ರೋಶಾ ಹಾಕಬಹುದು. 8 ಅಥವಾ 10 ಮಿಲಿಮೀಟರಿನ ದಪ್ಪ ಕಡ್ಡಿ ಬೇಕು. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಉಲ್ಲನ್ ಮಾರುವ ಅಂಗಡಿಯಲ್ಲಿ ಕೇಳಿ ನೋಡಿ. ಉಲ್ಲನ್ನಿಗೆ ಬಳಸುವ ಸಣ್ಣ ಕಡ್ಡಿಯಲ್ಲಿ ಪ್ಲಾಸ್ಟಿಕ್ ಜಗ್ಗಿ ಜಗ್ಗಿ ಮಣಿಕಟ್ಟು ನೋವು ಬರುತ್ತದೆ. ಬೇಕಾದ ಅಗಲಕ್ಕೆ ಚೈನ್ ಹಾಕಿ, ಅದರ ಮೇಲೆ ಸಾಲುಸಾಲಾಗಿ ಸಿಂಗಲ್ ಹೊಲಿಗೆ. ಪ್ರತಿ ಸಾಲಿನ ಹೊಲಿಗೆ ಎಣಿಸಿ. ಕೊನೆಯದನ್ನು ಬಿಡುತ್ತಾ ಹೋದರೆ ಆಯತ ಎಂದು ಶುರು ಮಾಡಿದ್ದು ತ್ರಿಕೋನವಾಗಿ ಮುಗಿಯುತ್ತದೆ. ಕ್ರೋಶಾ ಕವರ್ ಜಾಸ್ತಿ ತಿನ್ನುತ್ತದೆ ಎಂಬುದು ನೆನಪಿರಲಿ. 60ಕ್ಕೆ 40 ಸೆಂಟಿಮೀಟರಿನ ಚಾಪೆಗೆ ನೂರರ ಆಸುಪಾಸು ಬೇಕು.

ಸಂತೆಯ ಚೀಲಕ್ಕೆ ಇದೇ ಒಳ್ಳೆಯ ದಾರಿ. ಹಿಡಿಯನ್ನು ಮಾತ್ರ ಜಡೆಯಲ್ಲಿ ಮಾಡಿ, ಚೀಲದ ತಳದವರೆಗೂ ಇಳಿಸಿ ಹೊಲಿಯಿರಿ. ಬಾಯಿಯ ಅಂಚಿಗೆ ಹೊಲಿದ ಹಿಡಿ ಎರಡು ಕಿಲೋ ಈರುಳ್ಳಿಗೇ ಹಿಗ್ಗಿ ಮೊಣಕಾಲಿಗೆ ಬರುತ್ತದೆ.

ಹಾಲಿನ ಪ್ಯಾಕೆಟ್ಟಿದ್ದರೆ

ದಾರ ಮಾಡುವುದಕ್ಕಿಂತ ಪಟ್ಟಿ ಮಾಡಿ ಹೆಣೆಯುವುದು ಮೇಲು. ಪ್ಯಾಕೆಟ್ಟಿನ ಒಂದು ಮಗ್ಗುಲು ಪೂರ್ತಿ ಬಿಚ್ಚಿ, ಮಡಿಸಿ ಮಡಿಸಿ ಎರಡು ಬೆರಳಗಲದ ಪಟ್ಟಿ ಮಾಡಿ. ಮುದ್ರಣದ ಬದಿ ಒಳಗೆ ಹೋದರೆ ಬಿಳಿ ಪಟ್ಟಿ. ಒಂದರ ಬಾಯಿಗೆ ಇನ್ನೊಂದರ ತುದಿ ತುರುಕಿ ಎರಡು ಹೊಲಿಗೆ ಹಾಕಿದರೆ ಉದ್ದವಾಗುತ್ತದೆ. ಆಮೇಲೆ ಮುಂಡಿಗೆ ಚಾಪೆ ಹೆಣೆದಂತೆ ಒಂದರ ಮೇಲೆ, ಒಂದರ ಕೆಳಗೆ. ಜಗುಲಿಯಲ್ಲಿ ಕೂರಲು ಒಳ್ಳೆಯ ಆಸನ. ಇನ್ನು ಮೇಲೆ ಹಾಲು ಸುರಿಯುವಾಗ ಮೂಲೆಯ ಚೂರನ್ನು ಪೂರ್ತಿ ಕತ್ತರಿಸಿ ತೆಗೆಯಬೇಡಿ. ಆ ಸಣ್ಣ ತ್ರಿಕೋನವೇ ಎಲ್ಲಿಗೋ ಹೋಗಿ ಸೇರುವುದು.

ಇಸ್ತ್ರಿ ಪೆಟ್ಟಿಗೆಯಿಂದ ಅಂಟಿಸುವುದು

ವಿಡಿಯೋ ನೋಡಿ ತುಂಬ ಜನ ಕೇಳುವುದು ಇದನ್ನೇ. ಆರೆಂಟು ಪದರ ಕವರನ್ನು ಬೇಕಿಂಗ್ ಪೇಪರಿನ ನಡುವೆ ಇಟ್ಟು ಇಸ್ತ್ರಿ ಮಾಡಿದರೆ ದಪ್ಪ ಹಾಳೆಯಾಗುತ್ತದೆ, ಅದರಿಂದ ಪರ್ಸು ಹೊಲಿಯಬಹುದು. ಎಲ್‌ಡಿಪಿಇ 105ರಿಂದ 115 ಡಿಗ್ರಿ ಸೆಲ್ಸಿಯಸ್‌ಗೆ, ಎಚ್‌ಡಿಪಿಇ 130ರ ಆಸುಪಾಸಿಗೆ ಕರಗುತ್ತದೆ. ಕಡಿಮೆ ಶಾಖದಲ್ಲಿ ಶುರು ಮಾಡಿ, ಕಿಟಕಿ ತೆರೆದಿಡಿ, ಮಕ್ಕಳನ್ನು ದೂರ ಇಡಿ. ತೂತು ಬಿದ್ದರೆ ಶಾಖ ಜಾಸ್ತಿಯಾಯಿತು. ಪಿವಿಸಿ, ಅಂದರೆ 3 ಅಂಕಿಯ ಪ್ಲಾಸ್ಟಿಕ್ಕನ್ನು ಮಾತ್ರ ಯಾವ ಕಾರಣಕ್ಕೂ ಕಾಯಿಸಬಾರದು, ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ನನಗಂತೂ ಈ ವಿಧಾನ ಅಷ್ಟು ಹಿಡಿಸಿಲ್ಲ. ಮಳೆಗಾಲದಲ್ಲಿ ಕಿಟಕಿ ತೆರೆದರೆ ಇರಚಲು, ಮುಚ್ಚಿದರೆ ಹೊಗೆ.

ಇದೇ ಶಾಖದ ಕಾರಣಕ್ಕೆ ಇನ್ನೊಂದು ಪ್ರಶ್ನೆಗೂ ಉತ್ತರ. ಪಾತ್ರೆ ಇಡಲು ಸಿಂಬೆ ಮಾಡಬಹುದಾ? ತಣ್ಣೀರ ಕೊಡಕ್ಕೆ ಧಾರಾಳವಾಗಿ. ಒಲೆಯಿಂದ ಇಳಿಸಿದ ಕುಕ್ಕರಿಗೆ ಬೇಡ, ಸಿಂಬೆ ಕುಕ್ಕರಿನ ಜೊತೆಯೇ ಎದ್ದು ಬರುತ್ತದೆ.

ಚೂರು ಮತ್ತು ಆರೈಕೆ

ಹಿಡಿ, ತಳ, ಕತ್ತರಿಸಿದ ಚೂರು ಕೈತುಂಬ ಉಳಿಯುತ್ತವೆ. ಬಚ್ಚಲ ಒಲೆಗೆ ಹಾಕಬೇಡಿ. ಬೆಂಕಿ ಹತ್ತಿಸಲು ಸುಲಭ ಎಂದು ಹಾಕುವ ಮನೆಗಳು ನಮ್ಮಲ್ಲಿ ಬಹಳ, ಆ ಹೊಗೆ ಕುಡಿಯುವವರೂ ಮನೆಯವರೇ. ಖಾಲಿ ನೀರಿನ ಬಾಟಲಿಗೆ ಕೋಲಿನಿಂದ ಒತ್ತಿ ಒತ್ತಿ ತುಂಬಿ. ಗಟ್ಟಿಯಾದ ಬಾಟಲಿಗೆ ಬಟ್ಟೆ ಸುತ್ತಿದರೆ ಗಾಳಿಗೆ ಬಡಿಯುವ ಬಾಗಿಲಿಗೆ ಅಡ್ಡ ಇಡಲು ಆಗುತ್ತದೆ. ಇಲ್ಲವೇ ಒಣಕಸದ ಗಾಡಿಗೆ ಕೊಡಿ.

ಚಾಪೆಯನ್ನು ತೊಳೆದ ಮೇಲೆ ನೆರಳಲ್ಲೇ ಒಣಗಿಸಿ. ಮಳೆಗೆ ಏನೂ ಆಗದ ಇದನ್ನು ಕೊಲ್ಲುವುದು ಬಿಸಿಲು. ಬೇಸಿಗೆಯಲ್ಲಿ ಸುತ್ತಿ ಅಟ್ಟದ ಕತ್ತಲೆಗೆ ಹಾಕಿ, ಜೂನ್‌ನಲ್ಲಿ ತೆಗೆಯಿರಿ. ಮುಟ್ಟಿದಾಗ ಪುಡಿ ಉದುರಲು ಶುರುವಾದರೆ ಹೊಸ್ತಿಲಿನಿಂದ ಎತ್ತಿ ಒಣಕಸಕ್ಕೆ ಹಾಕಿ, ಆ ಪುಡಿ ನೀರಿನ ಜೊತೆ ಹರಿದು ತೋಟಕ್ಕೆ ಹೋಗುವುದು ಬೇಡ. ಒಂದೆರಡು ಎಳೆ ಮಾತ್ರ ಹರಿದಿದ್ದರೆ ಬಿಸಾಡಬೇಕಾಗಿಲ್ಲ. ಹರಿದ ಎಳೆಯ ಜಾಗಕ್ಕೆ ದಬ್ಬಣದಿಂದ ಹೊಸ ಎಳೆ ತೂರಿಸಿ ಎರಡು ಹೊಲಿಗೆ ಹಾಕಿ. ಇದಕ್ಕೆಂದೇ, ಚಾಪೆ ಮಾಡುವಾಗ ಪ್ರತಿ ಬಣ್ಣದ ಹತ್ತು ಬಳೆಗಳನ್ನು ಒಂದು ಕವರಿಗೆ ಹಾಕಿ, ಬಾಗಿಲ ಹಿಂದಿನ ಆ ಮೊಳೆಗೇ ನೇತುಹಾಕಿಡಿ.